ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ ರಾತ್ರಿ ಪಾಳಿಯ ಲೆಕ್ಕ ಕೇಳಿ

ಪ್ರಶ್ನೆ: ನನ್ನ ತಾಯಿಗೆ 81 ವರ್ಷ. ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆಯಿದೆ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಈಗ ಇಬ್ಬರು ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ, ರಾತ್ರಿ ಡಯಾಪರ್ ಬೇಕಾಗುತ್ತದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಣ್ಣ ವಿದೇಶದಲ್ಲಿದ್ದಾನೆ. ಮೈಸೂರಿನಲ್ಲಿ ಎರಡು ಆರೈಕೆ ಕೇಂದ್ರಗಳನ್ನು ನೋಡಿ ಬಂದೆವು. ಒಂದು ಊರ ಹೊರಗಿನ ಹೊಸ ಕಟ್ಟಡ. 60 ಹಾಸಿಗೆ, ತೋಟ, ಹವಾನಿಯಂತ್ರಿತ ಕೋಣೆ, ಎಲ್ಲೆಡೆ ಸಿಸಿಟಿವಿ. ಇನ್ನೊಂದು ಊರೊಳಗಿನ ಹಳೆಯ ಮನೆ. 14 ಹಿರಿಯರಿದ್ದಾರೆ, ಶುಲ್ಕ ಅರ್ಧದಷ್ಟು, ಬಚ್ಚಲು ಹಳೆಯದು. ಯಾವುದು ಸುರಕ್ಷಿತ ಎಂದು ತಿಳಿಯುವುದು ಹೇಗೆ? ಸೇರಿಸಿದ ಮೇಲೆ ಏನನ್ನು ಗಮನಿಸಬೇಕು? ತೊಂದರೆಯಾದರೆ ಯಾರಿಗೆ ದೂರು ಕೊಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡೂ ಕೇಂದ್ರಗಳ ಕಟ್ಟಡ, ಕೋಣೆ, ತೋಟ ಮತ್ತು ಶುಲ್ಕದ ವಿವರವಿದೆ, ಅಲ್ಲಿ ಕೆಲಸ ಮಾಡುವವರ ಬಗ್ಗೆ ಒಂದು ವಾಕ್ಯವೂ ಇಲ್ಲ. ಇದು ನಿಮ್ಮ ತಪ್ಪಲ್ಲ. ನೋಡಲು ಬಂದ ಕುಟುಂಬಕ್ಕೆ ಕೇಂದ್ರಗಳು ತೋರಿಸುವುದು ಇಷ್ಟನ್ನೇ, ಅದೂ ಬೆಳಗಿನ ಹನ್ನೊಂದು ಗಂಟೆಗೆ, ಎಲ್ಲರ ಸ್ನಾನ ತಿಂಡಿ ಮುಗಿದು ಹಿರಿಯರನ್ನು ಅಂಗಳದಲ್ಲಿ ಕೂರಿಸಿದ ಮೇಲೆ. ಆದರೆ ತಾವಾಗಿ ಎದ್ದು ಓಡಾಡಲಾಗದ, ನೋವನ್ನು ಸರಿಯಾಗಿ ಹೇಳಿಕೊಳ್ಳಲಾಗದ ನಿಮ್ಮ ತಾಯಿಯಂಥವರ ಸುರಕ್ಷತೆ ತೀರ್ಮಾನವಾಗುವುದು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗಿನ ಹೊತ್ತಿನಲ್ಲಿ, ಆ ಹೊತ್ತಿನಲ್ಲಿ ಎಷ್ಟು ಜನ ಎಚ್ಚರವಾಗಿದ್ದು ಕೆಲಸ ಮಾಡುತ್ತಾರೆ ಎಂಬುದರ ಮೇಲೆ. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಭಾಗ ಈ ಒಂದು ವಿಷಯದ ಸುತ್ತಲೇ ಇರುತ್ತದೆ.

ಒಂದು ಸರಳ ಲೆಕ್ಕ ಮಾಡೋಣ. ಕೇಂದ್ರದಲ್ಲಿ ತಾವಾಗಿ ಮಗ್ಗುಲು ಬದಲಿಸಲಾರದ 12 ಮಂದಿ ಇದ್ದಾರೆಂದು ಇಟ್ಟುಕೊಳ್ಳಿ. ಇಂಥವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಒಳ್ಳೆಯ ಹಾಸಿಗೆಯಿದ್ದು ಚರ್ಮ ಆರೋಗ್ಯವಾಗಿರುವ ಕೆಲವರಿಗೆ ಮೂರು ನಾಲ್ಕು ಗಂಟೆಯ ಅಂತರವೂ ಸಾಕಾಗಬಹುದು, ಆದರೆ ಅದನ್ನು ಪರೀಕ್ಷಿಸಿ ನೋಡಿದ ನರ್ಸ್ ತೀರ್ಮಾನಿಸಬೇಕೇ ಹೊರತು ಕೆಲಸಗಾರರ ಕೊರತೆಯಲ್ಲ. ಒಬ್ಬರನ್ನು ಇಬ್ಬರು ಸೇರಿ ತಿರುಗಿಸಿ, ಒದ್ದೆಯಾಗಿದ್ದರೆ ಡಯಾಪರ್ ಬದಲಿಸಿ, ಚರ್ಮ ಒರೆಸಿ, ಕಾಲಿನ ನಡುವೆ ದಿಂಬಿಟ್ಟು ಮುಗಿಸಲು ಹತ್ತು ನಿಮಿಷವಾದರೂ ಬೇಕು. 12 ಮಂದಿಗೆ 120 ನಿಮಿಷ, ಅಂದರೆ ಎರಡು ಗಂಟೆ. ಕೊನೆಯವರನ್ನು ಮುಗಿಸುವಷ್ಟರಲ್ಲಿ ಮೊದಲನೆಯವರ ಸರದಿ ಮತ್ತೆ ಬಂದಿರುತ್ತದೆ. ಹೀಗೆ ಇಬ್ಬರು ಇಡೀ ರಾತ್ರಿ ಬೇರೇನೂ ಮಾಡದೆ, ಒಂದು ಲೋಟ ನೀರನ್ನೂ ಕುಡಿಯದೆ ಈ ಕೆಲಸ ಮಾಡಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಈ ನಡುವೆ ಯಾರಾದರೂ ಶೌಚಕ್ಕೆ ಹೋಗಬೇಕೆಂದು ಕರೆದರೆ, ಯಾರಿಗಾದರೂ ಉಸಿರಾಟ ಕಷ್ಟವಾದರೆ, ಮರೆವಿನವರೊಬ್ಬರು ಎದ್ದು ಬಾಗಿಲ ಕಡೆ ನಡೆದರೆ ಮೂರನೆಯವರು ಬೇಕು. ಇಂಥ ಕೇಂದ್ರದಲ್ಲಿ ರಾತ್ರಿ ಒಬ್ಬರೇ ಆಯಾ ಇದ್ದಾರೆಂದರೆ, ಗೋಡೆಯ ಮೇಲಿನ ಪಟ್ಟಿಯಲ್ಲಿ ಏನೇ ಬರೆದಿರಲಿ, ಮಗ್ಗುಲು ತಿರುಗಿಸುವ ಕೆಲಸ ಅಲ್ಲಿ ನಡೆಯುತ್ತಿಲ್ಲ ಎಂದೇ ತಿಳಿಯಬೇಕು.

ನಮ್ಮ ದೇಶದಲ್ಲಿ ಖಾಸಗಿ ವೃದ್ಧಾಶ್ರಮಗಳಲ್ಲಿ ಇಷ್ಟು ಹಿರಿಯರಿಗೆ ಇಷ್ಟು ಕೆಲಸಗಾರರು ಇರಲೇಬೇಕೆಂದು ಹೇಳುವ ಅನುಪಾತ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಇಲ್ಲ. ಆದ್ದರಿಂದ ಲೆಕ್ಕವನ್ನು ಕುಟುಂಬವೇ ಕೇಳಬೇಕು, ಮತ್ತು ಸರಿಯಾದ ಮಾತಿನಲ್ಲಿ ಕೇಳಬೇಕು. "ನಿಮ್ಮಲ್ಲಿ ಎಷ್ಟು ಸಿಬ್ಬಂದಿ ಇದ್ದಾರೆ?" ಎಂದು ಕೇಳಿದರೆ ಅಡುಗೆಯವರು, ಮಾಲಿ, ಚಾಲಕ, ಕಚೇರಿಯವರು ಎಲ್ಲರನ್ನೂ ಸೇರಿಸಿದ ದೊಡ್ಡ ಸಂಖ್ಯೆ ಸಿಗುತ್ತದೆ. "ನಿನ್ನೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿದ್ದವರು ಯಾರು ಯಾರು, ಅವರಲ್ಲಿ ತರಬೇತಿ ಪಡೆದ ನರ್ಸ್ ಇದ್ದರೇ, ಹಾಸಿಗೆಯಿಂದ ತಾವಾಗಿ ಏಳಲಾಗದವರು ಎಷ್ಟು ಮಂದಿ?" ಎಂದು ಕೇಳಿ. ಹಾಜರಿ ಪುಸ್ತಕ ತೋರಿಸಲು ಹೇಳಿ. ಇಪ್ಪತ್ತನಾಲ್ಕು ಗಂಟೆಯೂ ಇರುತ್ತಾರೆ ಎಂದು ಹೇಳುವ ಕೆಲಸಗಾರರು ನಿಜವಾಗಿ ಪಾಳಿಯಲ್ಲಿ ಕೆಲಸ ಮಾಡುತ್ತಾರೋ, ಇಲ್ಲವೇ ಹಗಲೆಲ್ಲ ದುಡಿದು ರಾತ್ರಿ ಅದೇ ಕೋಣೆಯ ನೆಲದ ಮೇಲೆ ಮಲಗುತ್ತಾರೋ ವಿಚಾರಿಸಿ. ಹಗಲು ಹನ್ನೆರಡು ಗಂಟೆ ಹಿರಿಯರನ್ನು ಎತ್ತಿ ಇಳಿಸಿದ ಹೆಣ್ಣುಮಗಳು ರಾತ್ರಿ ನಿದ್ದೆ ಹೋದರೆ ಅವಳನ್ನು ದೂರುವುದು ಅನ್ಯಾಯ. ಅವಳನ್ನು ಹಾಗೆ ದುಡಿಸುವ ವ್ಯವಸ್ಥೆಯೇ ನಿಮ್ಮ ತಾಯಿಗೆ ಅಪಾಯ. ಕೆಲಸಕ್ಕೆ ಸೇರಿದವರು ಎಷ್ಟು ತಿಂಗಳು ಉಳಿಯುತ್ತಾರೆ ಎಂಬುದನ್ನೂ ಕೇಳಿ. ಎರಡು ಮೂರು ತಿಂಗಳಿಗೊಮ್ಮೆ ಜನ ಬದಲಾಗುವ ಕಡೆ ಯಾರಿಗೂ ಯಾವ ಹಿರಿಯರ ಸ್ವಭಾವವೂ ಗೊತ್ತಿರುವುದಿಲ್ಲ.

ಈ ಉತ್ತರಗಳು ಬಂದ ಮೇಲೆಯೇ ನೀವು ಎರಡರಲ್ಲಿ ಒಂದನ್ನು ಆರಿಸಬೇಕು. ಹಳೆಯ ಮನೆಯಲ್ಲಿ ಏಳಲಾಗದವರು ಐದಾರು ಮಂದಿಯಿದ್ದು ರಾತ್ರಿ ಇಬ್ಬರು ಎಚ್ಚರವಿರುತ್ತಾರೆಂದಾದರೆ ನಾನು ಅದನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಹಾಸು ಹಾಕಿಸಿ, ಕಮೋಡಿನ ಎತ್ತರ ಹೆಚ್ಚಿಸಿ ಒಂದು ವಾರದಲ್ಲಿ ಸರಿಪಡಿಸಬಹುದು, ಅದರ ಖರ್ಚನ್ನು ನೀವೇ ಕೊಟ್ಟರೂ ದೊಡ್ಡದಾಗುವುದಿಲ್ಲ. ರಾತ್ರಿ ಪಾಳಿಗೆ ಜನರಿಲ್ಲದಿರುವುದನ್ನು ಹೊರಗಿನವರಾದ ನೀವು ಸರಿಪಡಿಸಲಾರಿರಿ. ಸಿಸಿಟಿವಿಯ ವಿಷಯದಲ್ಲೂ ಇದೇ ಮಾತು: ಓಣಿಯಲ್ಲಿ, ಹೊರಬಾಗಿಲಲ್ಲಿ ಅದು ಇರಲಿ, ಆದರೆ ಬಿದ್ದವರನ್ನು ಎತ್ತಲು ಕೈಗಳು ಬೇಕು. ಹಿರಿಯರ ಬಟ್ಟೆ ಬದಲಿಸುವ, ಸ್ನಾನ ಮಾಡಿಸುವ ಜಾಗದಲ್ಲಿ ಕ್ಯಾಮೆರಾ ಇದ್ದರೆ ಅದು ಅವರ ಘನತೆಗೆ ಕುಂದು. ಮಕ್ಕಳ ನೆಮ್ಮದಿಗಾಗಿ ಅಂಥದ್ದನ್ನು ಕೇಳಬಾರದು.

ಇನ್ನು ಆರೈಕೆ ಸರಿಯಿದೆಯೇ ಎಂಬುದನ್ನು ದೇಹವೇ ತೋರಿಸುವ ಜಾಗಗಳಿವೆ. ಮೊದಲನೆಯದು ಒತ್ತಡದಿಂದ ಆಗುವ ಹಾಸಿಗೆ ಹುಣ್ಣು. ಬೆನ್ನಿನ ಕೆಳತುದಿ, ಸೊಂಟದ ಪಕ್ಕ ಮತ್ತು ಹಿಮ್ಮಡಿಗಳಲ್ಲಿ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಂಡು ರಕ್ತದ ಹರಿವು ನಿಂತಾಗ ಕೆಲವೇ ಗಂಟೆಗಳಲ್ಲಿ ಅಂಗಾಂಶ ಸಾಯಲು ಶುರುವಾಗುತ್ತದೆ. ಪುಸ್ತಕಗಳಲ್ಲಿ ಇದರ ಮೊದಲ ಲಕ್ಷಣ ಒತ್ತಿದರೂ ಮಾಸದ ಕೆಂಪು ಎಂದು ಬರೆದಿರುತ್ತದೆ, ಆದರೆ ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಕಾಣದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುವುದು, ಮುಟ್ಟಿದರೆ ಹೆಚ್ಚು ಬಿಸಿ ಅಥವಾ ಹೆಚ್ಚು ತಣ್ಣಗಿರುವುದು, ಗಟ್ಟಿಯಾಗಿರುವುದು ಅಥವಾ ಮೆತ್ತಗಾಗಿರುವುದು ಇವನ್ನು ಗಮನಿಸಬೇಕು. ಗಾಳಿ ಹಾಸಿಗೆ ಹಾಕಿದ್ದೇವೆ, ತಿರುಗಿಸುವ ಅಗತ್ಯವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಳಿ ಹಾಸಿಗೆ ಒತ್ತಡವನ್ನು ಹಂಚುತ್ತದೆ, ಇಲ್ಲವಾಗಿಸುವುದಿಲ್ಲ. ಹಿಮ್ಮಡಿಯ ಕೆಳಗೆ ದಿಂಬಿಡದೆ ಮೀನಖಂಡದ ಕೆಳಗೆ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದ್ದಾರೆಯೇ ಎಂದು ನೋಡಿದರೆ ಅಲ್ಲಿನ ನರ್ಸ್‌ಗೆ ಕೆಲಸ ಗೊತ್ತಿದೆಯೋ ಇಲ್ಲವೋ ಎಂಬುದು ಒಂದು ನೋಟದಲ್ಲೇ ತಿಳಿಯುತ್ತದೆ.

ಎರಡನೆಯದು ಬೀಳುವುದು. ನಿಮ್ಮ ತಾಯಿ ಒಮ್ಮೆ ಬಿದ್ದು ಮೂಳೆ ಮುರಿದುಕೊಂಡವರು, ಮತ್ತೆ ಬೀಳುವ ಸಂಭವ ಹೆಚ್ಚು. ಬೀಳುವ ಭಯಕ್ಕೆ ಅವರನ್ನು ಹಾಸಿಗೆಯಲ್ಲೇ ಇರಿಸಿಬಿಡುವ ಕೇಂದ್ರಗಳಿವೆ, ಅದು ಸುರಕ್ಷತೆಯಲ್ಲ. ಹಾಸಿಗೆಯಲ್ಲೇ ಇದ್ದರೆ ಕೆಲವೇ ವಾರಗಳಲ್ಲಿ ಕಾಲಿನ ಸ್ನಾಯು ಕರಗುತ್ತದೆ, ಶ್ವಾಸಕೋಶದಲ್ಲಿ ಸೋಂಕಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮತ್ತು ಈಗ ಇಡುತ್ತಿರುವ ನಾಲ್ಕು ಹೆಜ್ಜೆಯೂ ಹೋಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ಬರೆಸಿಕೊಂಡು ಕೇಂದ್ರಕ್ಕೆ ಕೊಡಿ, ಫಿಸಿಯೋಥೆರಪಿ ಮಾಡಿಸುವವರು ವಾರದಲ್ಲಿ ಎಷ್ಟು ದಿನ ಬರುತ್ತಾರೆಂದು ಕೇಳಿ, ಅವರು ಬಾರದ ದಿನಗಳಲ್ಲಿ ನಡೆಸುವವರು ಯಾರು ಎಂಬುದನ್ನೂ ಕೇಳಿ. ಮೂಳೆ ಸವೆತಕ್ಕೆ ಔಷಧ ಶುರುವಾಗಿಲ್ಲದಿದ್ದರೆ ಆ ಬಗ್ಗೆ ವೈದ್ಯರಲ್ಲಿ ಮಾತನಾಡಿ. ಹಿರಿಯರು ಹೆಚ್ಚಾಗಿ ಬೀಳುವುದು ರಾತ್ರಿ ಶೌಚಕ್ಕೆ ಏಳುವಾಗ, ಒದ್ದೆ ನೆಲದಲ್ಲಿ, ಹೊಸ್ತಿಲು ದಾಟುವಾಗ, ಮತ್ತು ನಿದ್ರೆ ಮಾತ್ರೆಯ ಅಮಲಿನಲ್ಲಿ. ಮಲಗುವ ಮುನ್ನ ಮತ್ತು ನಡುರಾತ್ರಿ ಒಮ್ಮೆ ತಾವೇ ಎಬ್ಬಿಸಿ ಶೌಚಕ್ಕೆ ಕರೆದೊಯ್ಯುವ ಪದ್ಧತಿಯಿದ್ದರೆ ಎಷ್ಟೋ ಅನಾಹುತಗಳು ತಪ್ಪುತ್ತವೆ, ಅದಕ್ಕೂ ಎಚ್ಚರವಿರುವ ಜನ ಬೇಕು. ತಲೆಗೆ ಪೆಟ್ಟು ಬಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಪೆಟ್ಟಾದರೆ, ಆ ದಿನ ಚೆನ್ನಾಗಿ ಕಂಡರೂ ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ತುಂಬಿ ದಿನಗಳು ಅಥವಾ ವಾರಗಳ ನಂತರ ಮಂಪರು, ತಲೆನೋವು, ಒಂದು ಪಕ್ಕದ ದುರ್ಬಲತೆ ಕಾಣಿಸಬಹುದು. ಆದ್ದರಿಂದ ಬಿದ್ದ ಪ್ರತಿ ಸಲವೂ, ಗಾಯವಾಗಲಿ ಬಿಡಲಿ, ಅದೇ ದಿನ ನಿಮಗೆ ಕರೆ ಬರಬೇಕೆಂದು ಮೊದಲೇ ಹೇಳಿಡಿ.

"ನಮ್ಮಲ್ಲಿ ಇದುವರೆಗೆ ಯಾರೂ ಬಿದ್ದೇ ಇಲ್ಲ" ಎಂದು ಹೇಳುವ ಕೇಂದ್ರವನ್ನು ನಾನು ನಂಬುವುದಿಲ್ಲ. ಎಂಬತ್ತು ದಾಟಿದವರು ಹತ್ತಾರು ಮಂದಿ ಇರುವ ಮನೆಯಲ್ಲಿ ಒಬ್ಬರಾದರೂ ಬಿದ್ದೇ ಬೀಳುತ್ತಾರೆ. ಬಿದ್ದದ್ದನ್ನು ದಿನಾಂಕ, ಸಮಯ, ಜಾಗ ಹಾಕಿ ಬರೆದಿಟ್ಟು, ಯಾಕೆ ಬಿದ್ದರು, ಆ ಮೇಲೆ ಏನು ಬದಲಿಸಿದೆವು ಎಂದು ತೋರಿಸುವ ಕೇಂದ್ರವೇ ಒಳ್ಳೆಯದು. ದಾಖಲೆಗಳನ್ನು ನೋಡುವಾಗಲೂ ಕಣ್ಣು ತೆರೆದಿರಬೇಕು. ಮಗ್ಗುಲು ತಿರುಗಿಸಿದ ಪಟ್ಟಿಯಲ್ಲಿ ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ಇಡೀ ತಿಂಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಸಾಲಾಗಿ ತುಂಬಿದ್ದರೆ ಅದನ್ನು ತಿಂಗಳ ಕೊನೆಗೆ ಕುಳಿತು ಬರೆದಿದ್ದಾರೆ. ನಿಜವಾದ ಪಟ್ಟಿಯಲ್ಲಿ ಬೇರೆ ಬೇರೆ ಸಹಿಗಳಿರುತ್ತವೆ, 2.20 ಎಂದೂ 4.35 ಎಂದೂ ಇರುತ್ತದೆ, ಅಲ್ಲಲ್ಲಿ "ಮಲಗಿದ್ದರು, ಎಬ್ಬಿಸಲು ಒಪ್ಪಲಿಲ್ಲ" ಎಂಬಂಥ ಮಾತಿರುತ್ತದೆ.

ಮರೆವಿನವರನ್ನು ಕಟ್ಟಿ ಹಾಕುವ ವಿಷಯವನ್ನು ಸಂಕೋಚವಿಲ್ಲದೆ ಕೇಳಿ. ಕುರ್ಚಿಗೆ ದುಪಟ್ಟಾ ಸುತ್ತಿ ಕೂರಿಸುವುದು, ಕೈಗೆ ಬಟ್ಟೆ ಕಟ್ಟಿ ಮಂಚಕ್ಕೆ ಬಿಗಿಯುವುದು, ಹೊರಗಿನಿಂದ ಚಿಲಕ ಹಾಕುವುದು ಎಲ್ಲವೂ "ಬೀಳಬಾರದು ಅಂತ" ಎಂಬ ಸಮಜಾಯಿಷಿಯೊಂದಿಗೆ ನಡೆಯುತ್ತವೆ. 2025ರ ಜೂನ್‌ನಲ್ಲಿ ನೋಯ್ಡಾದ ವೃದ್ಧಾಶ್ರಮವೊಂದರಲ್ಲಿ ವೃದ್ಧೆಯೊಬ್ಬರ ಕೈಗಳನ್ನು ಕಟ್ಟಿದ್ದ ದೃಶ್ಯ ಹೊರಬಂದು ಅಧಿಕಾರಿಗಳು ದಾಳಿ ನಡೆಸಿದಾಗ, ಕೋಣೆಗಳಲ್ಲಿ ಕೂಡಿಹಾಕಿದ್ದ ಹಿರಿಯರೂ ಅಲ್ಲಿ ಸಿಕ್ಕಿದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 97ನೇ ಸೆಕ್ಷನ್ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಹೇಳುವ ಮಾತನ್ನು ಪ್ರತಿ ಆರೈಕೆ ಕೇಂದ್ರವೂ ಪಾಲಿಸಬೇಕೆಂದು ನಾನು ಬಯಸುತ್ತೇನೆ: ಬೇರೆ ದಾರಿಯೇ ಇಲ್ಲದೆ ತಕ್ಷಣದ ಅಪಾಯ ತಪ್ಪಿಸಲು, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟೇ ಹೊತ್ತು ಮಾತ್ರ ದೈಹಿಕ ನಿರ್ಬಂಧ, ಶಿಕ್ಷೆಯಾಗಿ ಎಂದಿಗೂ ಇಲ್ಲ, ಮತ್ತು ಸಿಬ್ಬಂದಿ ಕಡಿಮೆಯಿದ್ದಾರೆ ಎಂಬ ಒಂದೇ ಕಾರಣಕ್ಕೆ ಕೂಡದು. ಮಂಚದ ಎರಡೂ ಬದಿಯ ಕಂಬಿ ಏರಿಸುವುದೂ ಯಾವಾಗಲೂ ಕ್ಷೇಮವಲ್ಲ. ಮರೆವಿನವರು ಕಂಬಿಯನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ತಗ್ಗಿದ ಮಂಚ ಮತ್ತು ಪಕ್ಕದಲ್ಲಿ ದಪ್ಪ ಹಾಸು ಇದಕ್ಕಿಂತ ಮೇಲು.

ಹಗ್ಗವಿಲ್ಲದೆ ಕಟ್ಟುವ ವಿಧಾನವೂ ಇದೆ, ಅದು ಔಷಧ. ರಿಸ್ಪೆರಿಡೋನ್, ಕ್ವೆಟಿಯಾಪಿನ್, ಹ್ಯಾಲೋಪೆರಿಡಾಲ್ ಮುಂತಾದ ಮನೋರೋಗದ ಮಾತ್ರೆಗಳಿಗೆ ವೈದ್ಯಕೀಯದಲ್ಲಿ ಸ್ಥಾನವಿದೆ, ತೀವ್ರ ಭ್ರಮೆ ಅಥವಾ ಹಿಂಸೆಯ ಸಂದರ್ಭದಲ್ಲಿ ಅಲ್ಪಕಾಲ ನಾನೂ ಬರೆದುಕೊಡುತ್ತೇನೆ. ಆದರೆ ಮರೆವಿನ ಕಾಯಿಲೆಯಿರುವ ಹಿರಿಯರಲ್ಲಿ ಈ ಗುಂಪಿನ ಹೊಸ ಔಷಧಗಳು ಸಾವಿನ ಸಂಭವವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು, 2008ರಲ್ಲಿ ಹಳೆಯ ಔಷಧಗಳಿಗೂ ಅದನ್ನು ವಿಸ್ತರಿಸಿತು. ಆದ್ದರಿಂದ ನಿಮ್ಮ ತಾಯಿ ಸೇರಿದ ಕೆಲವು ದಿನಗಳಲ್ಲೇ "ತುಂಬಾ ಶಾಂತವಾಗಿದ್ದಾರೆ, ದಿನವಿಡೀ ಮಲಗುತ್ತಾರೆ" ಎಂಬ ವರದಿ ಬಂದರೆ ಸಂತೋಷಪಡುವ ಬದಲು ಮಾತ್ರೆಗಳ ಪಟ್ಟಿ ನೋಡಿ. ಹೊಸ ಮಾತ್ರೆ ಸೇರಿಸುವ ಮುನ್ನ ಯಾವ ವೈದ್ಯರು, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಎಂಬುದನ್ನು ನಿಮಗೆ ತಿಳಿಸಲೇಬೇಕೆಂದು ಒಪ್ಪಂದದಲ್ಲಿ ಬರೆಸಿ.

ಉಳಿದ ಔಷಧಗಳಲ್ಲಿ ಸಕ್ಕರೆ ಮಾತ್ರೆಯದ್ದೇ ನನಗೆ ಹೆಚ್ಚು ಆತಂಕ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಕೊಟ್ಟ ಮೇಲೆ ಹಿರಿಯರು ಊಟ ಬೇಡವೆಂದರೆ ಸಕ್ಕರೆ ತೀರಾ ಕೆಳಗಿಳಿದು ಪ್ರಜ್ಞೆ ತಪ್ಪಬಹುದು, ರಾತ್ರಿಯಾಗಿದ್ದರೆ ಅದು ಯಾರಿಗೂ ತಿಳಿಯದೇ ಹೋಗಬಹುದು. ನಿಮ್ಮ ತಾಯಿ ಇಂಥ ಮಾತ್ರೆಯಲ್ಲಿದ್ದರೆ, ಈ ವಯಸ್ಸಿನಲ್ಲಿ ಸಕ್ಕರೆಯನ್ನು ಅಷ್ಟು ಬಿಗಿಯಾಗಿ ಹಿಡಿಯಬೇಕೇ, ಅಪಾಯ ಕಡಿಮೆಯಿರುವ ಬೇರೆ ಮಾತ್ರೆಗೆ ಬದಲಿಸಬಹುದೇ ಎಂದು ಸೇರಿಸುವ ಮುನ್ನವೇ ವೈದ್ಯರನ್ನು ಕೇಳಿ. ನುಂಗಲಾರದವರಿಗೆ ಮಾತ್ರೆ ಪುಡಿ ಮಾಡಿ ಕೊಡುವ ಅಭ್ಯಾಸ ಎಲ್ಲೆಡೆ ಇದೆ. ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ರಕ್ತ ಸೇರುತ್ತದೆ.

ಊಟದ ರುಚಿಯನ್ನು ನೀವು ನೋಡಿಯೇ ಇರುತ್ತೀರಿ. ಊಟ ಮಾಡಿಸಲು ಎಷ್ಟು ಸಮಯ ಕೊಡುತ್ತಾರೆ ಎಂಬುದನ್ನೂ ನೋಡಬೇಕು. ಮರೆವಿನವರು ಬಾಯಲ್ಲಿ ತುತ್ತು ಇಟ್ಟುಕೊಂಡು ಅಗಿಯುವುದನ್ನೇ ಮರೆಯುತ್ತಾರೆ, ಅವಸರ ಮಾಡಿದರೆ ಗಂಟಲಿನ ಬದಲು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಪೂರ್ತಿ ನೇರವಾಗಿ ಕೂರಿಸಿ ತಿನ್ನಿಸಬೇಕು, ಉಂಡ ಮೇಲೆ ಅರ್ಧ ಗಂಟೆಯಾದರೂ ಕುಳಿತೇ ಇರಬೇಕು, ದಿನಕ್ಕೆರಡು ಸಲ ಬಾಯಿ ಮತ್ತು ಕಟ್ಟಿಸಿದ ಹಲ್ಲು ತೊಳೆಯಬೇಕು. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುತ್ತಾರೆಯೇ ಎಂದು ಕೇಳಿ. ಒಂದು ತಿಂಗಳಲ್ಲಿ ಶೇ 5ರಷ್ಟು ಅಥವಾ ಆರು ತಿಂಗಳಲ್ಲಿ ಶೇ 10ರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕು. 50 ಕಿಲೋ ಇದ್ದವರು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ಸೀರೆಯುಟ್ಟವರಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ.

ಭಾಷೆಯ ವಿಷಯವನ್ನು ಕುಟುಂಬಗಳು ಕೇಳುವುದೇ ಅಪರೂಪ. ಬೆಂಗಳೂರು, ಮೈಸೂರಿನ ಅನೇಕ ಕೇಂದ್ರಗಳಲ್ಲಿ ಆರೈಕೆ ಮಾಡುವ ಹುಡುಗಿಯರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದವರು. ಅವರಲ್ಲಿ ಪ್ರೀತಿಯಿಂದ ನೋಡಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಆದರೆ ಮರೆವು ಮುಂದುವರಿದಂತೆ ಹಿರಿಯರಿಗೆ ಉಳಿಯುವುದು ಬಾಲ್ಯದ ಮಾತು. "ಹಿತ್ತಲಿಗೆ ಹೋಗಬೇಕು" ಎಂದು ನಿಮ್ಮ ತಾಯಿ ಹತ್ತು ಸಲ ಹೇಳಿದರೂ ಅದು ಶೌಚದ ವಿಷಯವೆಂದು ಕನ್ನಡ ಬಾರದವಳಿಗೆ ತಿಳಿಯುವುದಿಲ್ಲ, ಅವರು ತಾವೇ ಏಳಲು ಹೋಗಿ ಬೀಳುತ್ತಾರೆ. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲವರು ಒಬ್ಬರಾದರೂ ಇರಬೇಕೆಂದು ಕೇಳಿ. ಜೊತೆಗೆ ಒಂದು ಹಾಳೆಯಲ್ಲಿ ಅಮ್ಮನ ಬಗ್ಗೆ ಬರೆದುಕೊಡಿ: ಅವರನ್ನು ಏನೆಂದು ಕರೆದರೆ ಓಗೊಡುತ್ತಾರೆ, ನೋವನ್ನು, ಹಸಿವನ್ನು, ಶೌಚವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ, ಎಷ್ಟು ಹೊತ್ತಿಗೆ ಕಾಫಿ ಬೇಕು, ಯಾವ ಕಿವಿ ಮಂದ, ಕನ್ನಡಕ ಇಲ್ಲದೆ ಏನು ಕಾಣುವುದಿಲ್ಲ, ಸಂಜೆ ಗಾಬರಿಯಾದಾಗ ಏನು ಮಾಡಿದರೆ ಸಮಾಧಾನವಾಗುತ್ತದೆ. ಮಾತೇ ಬಾರದ ಸ್ಥಿತಿಯಲ್ಲಿ ಮುಖ ಸಿಂಡರಿಸುವುದು, ನರಳುವುದು, ಉಸಿರು ಏರುಪೇರಾಗುವುದು, ಮೈ ಬಿಗಿಯುವುದು ಇವುಗಳಿಂದ ನೋವನ್ನು ಅಳೆಯುವ ಕ್ರಮವಿದೆ, ಅದನ್ನು ಅಲ್ಲಿನ ನರ್ಸ್ ಬಳಸುತ್ತಾರೆಯೇ ಎಂದು ವಿಚಾರಿಸಿ. ನೀವೂ ಏನನ್ನೂ ಮುಚ್ಚಿಡಬೇಡಿ. ಸೇರಿಸಿಕೊಳ್ಳಲಿಕ್ಕಿಲ್ಲ ಎಂಬ ಅಂಜಿಕೆಗೆ ರಾತ್ರಿ ಕೂಗಾಡುವುದನ್ನೋ ಹೊಡೆಯಲು ಬರುವುದನ್ನೋ ಕೆಲವು ಕುಟುಂಬಗಳು ಹೇಳುವುದಿಲ್ಲ, ಅದರ ಪೆಟ್ಟು ಆ ಹಿರಿಯರಿಗೇ ಬೀಳುತ್ತದೆ.

ಬೆಂಕಿಯ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. 2023ರ ಮೊದಲ ದಿನ ಮುಂಜಾನೆ ದೆಹಲಿಯ ಗ್ರೇಟರ್ ಕೈಲಾಶ್‌ನ ಆರೈಕೆ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಸತ್ತರು. ನಡೆಯಲಾರದ ತಾಯಿಗೆ ನೆಲಮಹಡಿಯ ಕೋಣೆಯನ್ನೇ ಕೇಳಿ, ರಾತ್ರಿ ಬೀಗ ಹಾಕುವ ಬಾಗಿಲಿನ ಕೀಲಿ ಎಲ್ಲಿರುತ್ತದೆ ಎಂದು ರಾತ್ರಿ ಪಾಳಿಯವರನ್ನೇ ಕೇಳಿ.

ಕಾನೂನಿನ ಸ್ಥಿತಿ ನಿಮಗೆ ತಿಳಿದಿರಲಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರ 19ನೇ ಸೆಕ್ಷನ್ ಜಿಲ್ಲೆಗೊಂದರಂತೆ ಬಡ ಹಿರಿಯರಿಗಾಗಿ 150 ಮಂದಿಯ ವೃದ್ಧಾಶ್ರಮ ಸ್ಥಾಪಿಸುವ ಮತ್ತು ಅವುಗಳ ಗುಣಮಟ್ಟ ನಿಗದಿಪಡಿಸುವ ಮಾತನ್ನು ಆಡುತ್ತದೆ, ಆದರೆ ಹಣ ಪಡೆದು ನಡೆಸುವ ಖಾಸಗಿ ಕೇಂದ್ರಗಳು ನೋಂದಾಯಿಸಿಕೊಳ್ಳಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಎಲ್ಲ ಆರೈಕೆ ಕೇಂದ್ರಗಳಿಗೂ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ತರುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಕಾನೂನಾಗದೇ ಉಳಿಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆಯಿದೆ. ಇಂಥವರನ್ನು ನೋಡಿಕೊಳ್ಳುವ ಮನೆಗಳನ್ನು ನಿಯಮಿತವಾಗಿ ಪರಿಶೀಲಿಸುವವರಿಲ್ಲ ಎಂಬುದು ನನಗೆ ಬಹಳ ನೋವಿನ ವಿಷಯ. ಇಂಜೆಕ್ಷನ್, ಡ್ರಿಪ್, ಆಮ್ಲಜನಕ ಎಲ್ಲ ಇಲ್ಲೇ ಕೊಡುತ್ತೇವೆ ಎಂದು ಹೇಳುವ ಕೇಂದ್ರವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ ಪ್ರಮಾಣಪತ್ರ ನೋಡಿ.

ಪರಿಶೀಲಿಸುವವರಿಲ್ಲದ ಕಾರಣ ಒಪ್ಪಂದಪತ್ರವೇ ನಿಮ್ಮ ಕೈಯಲ್ಲಿರುವ ಕಾನೂನು. ಠೇವಣಿ, ಮರುಪಾವತಿ ಎಲ್ಲವನ್ನೂ ಅವರೇ ಬರೆದಿರುತ್ತಾರೆ. ನೀವು ಬರೆಸಬೇಕಾದದ್ದು ಇವು: ಮುನ್ಸೂಚನೆಯಿಲ್ಲದೆ ಯಾವ ಹೊತ್ತಿನಲ್ಲಾದರೂ ತಾಯಿಯನ್ನು ನೋಡುವ ಹಕ್ಕು; ರಾತ್ರಿ ಪಾಳಿಯಲ್ಲಿ ಎಚ್ಚರವಿರುವ ಕೆಲಸಗಾರರ ಕನಿಷ್ಠ ಸಂಖ್ಯೆ; ಬಿದ್ದರೆ, ಹುಣ್ಣಾದರೆ, ಜ್ವರ ಬಂದರೆ, ಊಟ ಬಿಟ್ಟರೆ ಎಷ್ಟು ಗಂಟೆಯೊಳಗೆ ತಿಳಿಸಬೇಕು; ಯಾವ ಆಸ್ಪತ್ರೆಗೆ ಒಯ್ಯಬೇಕು, ಜೊತೆಗೆ ಯಾರು ಹೋಗಬೇಕು; ಆರೈಕೆಯ ದಾಖಲೆಗಳ ಪ್ರತಿ ಕೇಳಿದಾಗ ಕೊಡಬೇಕು. ಮೊದಲ ಅಂಶಕ್ಕೆ ಒಪ್ಪದ ಕೇಂದ್ರಕ್ಕೆ ಸೇರಿಸಬೇಡಿ. ಭೇಟಿಗೆ ಸಂಜೆ ನಾಲ್ಕರಿಂದ ಆರು ಮಾತ್ರ ಎಂಬ ನಿಯಮ ಆಸ್ಪತ್ರೆಗೆ ಇರಬಹುದು, ಒಬ್ಬರ ಮನೆಗೆ ಇರಬಾರದು, ಮತ್ತು ಇನ್ನು ಮುಂದೆ ಅದು ನಿಮ್ಮ ತಾಯಿಯ ಮನೆ.

ಸೇರಿಸಿದ ಮೊದಲ ತಿಂಗಳು ಸಾಧ್ಯವಾದರೆ ರಜೆ ಹಾಕಿ ಮೈಸೂರಿನಲ್ಲೇ ಉಳಿಯಿರಿ. ಜಾಗ ಬದಲಾದಾಗ ಮರೆವಿನವರಿಗೆ ಗಾಬರಿ ಹೆಚ್ಚುವುದು ಸಹಜ, ಅದು ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೆ ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಮಂಪರಾದರೆ, ಅಸಂಬದ್ಧ ಮಾತು ಹೆಚ್ಚಿದರೆ, ಹಗಲು ರಾತ್ರಿ ಅದಲುಬದಲಾದರೆ ಅದನ್ನು ಮರೆವು ಹೆಚ್ಚಾಯಿತೆಂದು ಬಿಡಬಾರದು. ಅದು ಸನ್ನಿ, ಅಂದರೆ ಇದ್ದಕ್ಕಿದ್ದಂತೆ ಬರುವ ಬುದ್ಧಿಗೊಂದಲ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೀರಿನ ಕೊರತೆ ಅಥವಾ ಹೊಸ ಮಾತ್ರೆ ಅದರ ಹಿಂದಿರುತ್ತದೆ, ಅದೇ ದಿನ ವೈದ್ಯರು ನೋಡಬೇಕು. ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಭಾನುವಾರ ರಾತ್ರಿ ಮತ್ತು ಹಬ್ಬದ ದಿನ ತಪ್ಪದೆ ಹೋಗಿ, ಏಕೆಂದರೆ ಕೆಲಸಗಾರರು ಕಡಿಮೆಯಿರುವುದು ಆಗಲೇ. ಸ್ನಾನ ಮಾಡಿಸುವಾಗ ನೀವೂ ಜೊತೆಗಿದ್ದು ಬೆನ್ನು, ಹಿಮ್ಮಡಿ, ಸ್ತನದ ಕೆಳಭಾಗ, ತೊಡೆಸಂದು ನೋಡಿ. ತೋಳಿನ ಒಳಭಾಗದಲ್ಲಿ ಬೆರಳ ಗುರುತಿನಂಥ ಕಂದಿದ ಕಲೆ, ಯಾರೋ ಒಬ್ಬರು ಹತ್ತಿರ ಬಂದಾಗ ಮಾತ್ರ ಮುದುಡಿಕೊಳ್ಳುವುದು ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಗೆಯೇ ಆರೈಕೆ ಮಾಡುವವರ ಹೆಸರು ತಿಳಿದುಕೊಂಡು ಮಾತನಾಡಿ, ಕಷ್ಟ ಸುಖ ಕೇಳಿ. ಅಮ್ಮನ ನಿಜಸ್ಥಿತಿಯನ್ನು ನಿಮಗೆ ಹೇಳುವವರು ವ್ಯವಸ್ಥಾಪಕರಲ್ಲ, ಅವರೇ.

ಇನ್ನು ದೂರಿನ ವಿಷಯ. ಆಳವಾದ ಹುಣ್ಣು, ಮೂಳೆ ಮುರಿತ, ಹೊಡೆದ ಗುರುತು ಕಂಡರೆ ವಾದಕ್ಕೆ ನಿಲ್ಲದೆ ಮೊದಲು ತಾಯಿಯನ್ನು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ವೈದ್ಯರು ಬರೆಯುವ ಗಾಯದ ವಿವರವೇ ಮುಂದೆ ನಿಮ್ಮ ಮುಖ್ಯ ಸಾಕ್ಷ್ಯ. ಹಿಂಸೆಯ ಶಂಕೆಯಿದ್ದರೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ. ಅಷ್ಟು ಗಂಭೀರವಲ್ಲದ ಲೋಪಗಳನ್ನು ದಿನಾಂಕ ಸಹಿತ ವ್ಯವಸ್ಥಾಪಕರಿಗೆ ಬರಹದಲ್ಲಿ ಕೊಡಿ, ಉತ್ತರವನ್ನೂ ಬರಹದಲ್ಲಿ ಕೇಳಿ. ಅದಕ್ಕೆ ಬೆಲೆ ಸಿಗದಿದ್ದರೆ ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567ಕ್ಕೆ ಬೆಳಗಿನ 8ರಿಂದ ರಾತ್ರಿ 8ರೊಳಗೆ ಕರೆ ಮಾಡಬಹುದು, ಮತ್ತು ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ದೂರು ಸಲ್ಲಿಸಬಹುದು. ಕಾಯಿಲೆಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳುವುದಾಗಿ ಒಪ್ಪಂದ ಮಾಡಿಕೊಂಡು ಬೇಕೆಂದೇ ಅದನ್ನು ಬಿಡುವುದು ಭಾರತೀಯ ನ್ಯಾಯ ಸಂಹಿತೆಯ 357ನೇ ಸೆಕ್ಷನ್‌ನಡಿ ಅಪರಾಧ, ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಶುಲ್ಕ ಪಡೆದ ಸೇವೆಯಲ್ಲಿ ಕೊರತೆಯಾದುದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷಗಳೊಳಗೆ ಪರಿಹಾರ ಕೇಳಬಹುದು. ಇದಕ್ಕೆಲ್ಲ ಕಾಗದಗಳು ಬೇಕು. ಹಣ ಕೊಟ್ಟ ರಸೀದಿ, ಒಪ್ಪಂದದ ಪ್ರತಿ, ಸೇರಿಸಿದ ದಿನವೇ ತೆಗೆದ ತೂಕದ ಲೆಕ್ಕ, ಆ ದಿನ ತಾಯಿಯ ಬೆನ್ನು ಮತ್ತು ಹಿಮ್ಮಡಿಯ ಚರ್ಮ ಹೇಗಿತ್ತೆಂದು ನರ್ಸ್ ಬರೆದು ಸಹಿ ಮಾಡಿದ ಹಾಳೆ, ಇಷ್ಟನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಇಟ್ಟುಕೊಂಡು ಅದರ ಪ್ರತಿಯನ್ನು ನಿಮ್ಮ ಅಣ್ಣನಿಗೂ ಕಳುಹಿಸಿ.